ಮೂರು ಮೀಟರ್ ಸೇತುವೆ ಮತ್ತು ಬೆಳೆದ ವಾಹನಗಳು

2016ರ ಫೆಬ್ರವರಿ 22ರ ಬೆಳಿಗ್ಗೆ ಮೆಲ್ಬರ್ನ್ ನಗರದ ಮಾಂಟೆಗ್ಯೂ ಸ್ಟ್ರೀಟ್‌ನಲ್ಲಿ ಪ್ರಯಾಣಿಕರಿದ್ದ ಬಸ್ಸೊಂದು ರಸ್ತೆಯ ಮೇಲೆ ಹಾದುಹೋಗುವ ಸೇತುವೆಗೆ ಗುದ್ದಿತು. ಸೇತುವೆಯ ಕೆಳಗೆ ಇರುವ ಜಾಗ ಮೂರೇ ಮೀಟರ್. ಬಸ್ಸು ಅದಕ್ಕಿಂತ ಎತ್ತರವಿತ್ತು. ಒಳಗಿದ್ದವರು ಸೀಟುಗಳ ನಡುವೆ ಸಿಕ್ಕಿಕೊಂಡರು, ಆರು ಮಂದಿಗೆ ತೀವ್ರ ಗಾಯವಾಯಿತು. ಚಾಲಕ ಹೇಗೆ ನೋಡದೆ ಹೋದ ಎಂದು ಎಲ್ಲರೂ ಕೇಳಿದರು. ರಸ್ತೆಯ ಮೇಲೆ ಅಷ್ಟು ತಗ್ಗಾದ ಸೇತುವೆ ಹೇಗೆ ಉಳಿಯಿತು ಎಂದೂ ಕೇಳಬೇಕು. ಅದಕ್ಕೆ ಉತ್ತರ ಹುಡುಕಲು ರೈಲಿನ ಕಾಲಕ್ಕೆ ಹೋಗಬೇಕು.

ಆಸ್ಟ್ರೇಲಿಯಾದಲ್ಲಿ ಉಗಿಬಂಡಿ ಮೊದಲು ಓಡಿದ್ದು ಈ ಸೇತುವೆಯ ಮೇಲೆ ಹಾಯುವ ಮಾರ್ಗದಲ್ಲೇ. 1854ರ ಸೆಪ್ಟೆಂಬರ್ 12ರಂದು ಮೆಲ್ಬರ್ನಿನಿಂದ ಸ್ಯಾಂಡ್ರಿಜ್ ಬಂದರಿಗೆ ರೈಲು ಹೊರಟಿತು. ಸ್ಯಾಂಡ್ರಿಜ್ ಎಂದರೆ ಇಂದಿನ ಪೋರ್ಟ್ ಮೆಲ್ಬರ್ನ್. ಹಡಗಿನಿಂದ ಇಳಿದ ಜನ ಮತ್ತು ಸರಕು ನಗರ ಸೇರಲು ಹಾಕಿದ ಹಳಿ ಅದು. ಮಾಂಟೆಗ್ಯೂ ಸ್ಟ್ರೀಟ್ ಸೇತುವೆ ಅದೇ ಹಳಿಯನ್ನು ಹೊರಲು ಕಟ್ಟಿದ್ದು. ನೂರು ವರ್ಷ ದಾಟಿದ ಆ ಸೇತುವೆಯ ಕೆಳಗೆ ಆಗ ಓಡಾಡುತ್ತಿದ್ದದ್ದು ಮುಖ್ಯವಾಗಿ ಕುದುರೆಗಾಡಿಗಳು. ಅವುಗಳಿಗೆ ಮೂರು ಮೀಟರ್ ಸಾಕಿತ್ತು. ಇಂದು ಆಸ್ಟ್ರೇಲಿಯಾದ ಭಾರಿ ವಾಹನಗಳಿಗೆ ಇರುವ ಸಾಮಾನ್ಯ ಎತ್ತರದ ಮಿತಿ 4.3 ಮೀಟರ್. ಅಂದರೆ ಕಾನೂನಿಗೆ ಪೂರ್ತಿ ಬದ್ಧವಾದ ಲಾರಿಯೂ ಈ ಸೇತುವೆಗಿಂತ 1.3 ಮೀಟರ್ ಎತ್ತರವಿರಬಹುದು.

ಸೇತುವೆಯನ್ನು ತೆಗೆಯಲು ಒಂದು ಒಳ್ಳೆಯ ಅವಕಾಶ ಬಂದಿತ್ತು. 1987ರಲ್ಲಿ ಈ ಮಾರ್ಗದಲ್ಲಿ ರೈಲು ನಿಲ್ಲಿಸಿ ಟ್ರಾಮ್ ಓಡಿಸಿದರು. 1,600 ಮಿಲಿಮೀಟರ್ ಇದ್ದ ಗೇಜನ್ನು, ಅಂದರೆ ಎರಡು ಹಳಿಗಳ ನಡುವಿನ ಅಂತರವನ್ನು, ಟ್ರಾಮಿಗಾಗಿ 1,435ಕ್ಕೆ ಇಳಿಸಿದರು. ನಮ್ಮಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದ್ದನ್ನು ಕಂಡವರಿಗೆ ಇದು ಅದರ ತಿರುವುಮುರುವು ಅನ್ನಿಸಬಹುದು. ಹಳಿ, ಬಂಡಿ, ನಿಲ್ದಾಣ ಎಲ್ಲವೂ ಬದಲಾದರೂ ಸೇತುವೆ ಮಾತ್ರ ಇದ್ದಂತೆಯೇ ಉಳಿಯಿತು. ಟ್ರಾಮ್ ರೈಲಿನಂತಲ್ಲ, ಕಡಿದಾದ ಏರನ್ನು ಹತ್ತುತ್ತದೆ, ಸಿಗ್ನಲ್‌ಗೆ ನಿಂತು ರಸ್ತೆ ದಾಟುತ್ತದೆ. ಮೆಲ್ಬರ್ನಿನ ಬೀದಿಬೀದಿಯಲ್ಲಿ ಅದು ಕಾರುಗಳ ಪಕ್ಕದಲ್ಲೇ ಓಡುತ್ತದೆ. ಹಾಗಿದ್ದೂ 109ನೇ ಮಾರ್ಗದ ಟ್ರಾಮ್ ಇಂದಿಗೂ ಹಳೆಯ ರೈಲು ಸೇತುವೆಯ ಮೇಲೆಯೇ ಹೋಗುತ್ತದೆ. ಹಳೆಯ ಕಟ್ಟಣೆ ಬಳಸಿದರೆ ಹಣ ಉಳಿಯುತ್ತದೆ, ನಿಜ. ಆದರೆ ಆ ಉಳಿತಾಯದ ಬೆಲೆಯನ್ನು ಕೆಳಗಿನ ರಸ್ತೆಯಲ್ಲಿ ಹೋಗುವವರು ತೆರುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ.

ರಸ್ತೆಯನ್ನೇ ಅಗೆದು ತಗ್ಗಿಸಬಾರದೇ? ಸಮುದ್ರಕ್ಕೆ ಹತ್ತಿರದ ಈ ಜಾಗ ಮೊದಲು ಜೌಗು ನೆಲ. ಇನ್ನೂ ತಗ್ಗಿಸಿದರೆ ಮಳೆ ಬಂದಾಗ ಅಲ್ಲಿ ನೀರು ನಿಲ್ಲುತ್ತದೆ. ಅಂಡರ್‌ಪಾಸಿನಲ್ಲಿ ನೀರು ತುಂಬುವುದೆಂದರೆ ಏನೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ.

2016ರ ಅಪಘಾತದ ಬಳಿಕ ಸೇತುವೆಗೆ ಮೊದಲೇ, ಎರಡೂ ಕಡೆ, ರಸ್ತೆಗೆ ಅಡ್ಡಲಾಗಿ ಉಕ್ಕಿನ ಚೌಕಟ್ಟು ನಿಲ್ಲಿಸಿ ಅದರಿಂದ ಪಟ್ಟಿಗಳನ್ನು ತೂಗುಬಿಟ್ಟರು. ಎತ್ತರದ ವಾಹನ ಬಂದರೆ ಪಟ್ಟಿಗಳು ಚಾವಣಿಗೆ ಬಡಿದು ಸದ್ದು ಮಾಡುತ್ತವೆ. ನಮ್ಮ ರೈಲ್ವೆ ಗೇಟುಗಳ ಮುಂದಿನ ಹೈಟ್ ಗೇಜ್ ಕೂಡ ಇಂಥದೇ, ಅದು 25,000 ವೋಲ್ಟ್ ತಂತಿಗೆ ಲಾರಿಯ ಹೇರು ತಾಗದಂತೆ ಕಾಯುತ್ತದೆ. ಮೆಲ್ಬರ್ನಿನಲ್ಲಿ ಪಟ್ಟಿ ಬಡಿದ ಮೇಲೂ ವಾಹನಗಳು ಸೇತುವೆಯವರೆಗೆ ಹೋಗಿ ಗುದ್ದಿವೆ. ದಿನವೂ ಕಾರು ಓಡಿಸುವವನು ಮನೆ ಸಾಮಾನು ಸಾಗಿಸಲು ಒಂದು ದಿನಕ್ಕೆ ಬಾಡಿಗೆ ಟ್ರಕ್ ತಂದಿರುತ್ತಾನೆ. ಅವನ ಬೆನ್ನ ಹಿಂದಿನ ಪೆಟ್ಟಿಗೆ ಕ್ಯಾಬಿನ್‌ಗಿಂತ ಎತ್ತರ, ಅದು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಫೋನಿನ ನಕ್ಷೆ ಅವನನ್ನು ಕಾರಿನವನೆಂದೇ ತಿಳಿದು ದಾರಿ ತೋರಿಸುತ್ತದೆ. ಫಲಕದ ಮೇಲೆ 3.0 ಎಂದು ಬರೆದಿದ್ದರೂ ತನ್ನ ವಾಹನ ಎಷ್ಟೆತ್ತರ ಎಂಬುದೇ ಗೊತ್ತಿಲ್ಲದವನಿಗೆ ಅದು ಏನು ಹೇಳೀತು?

ಅಮೆರಿಕದ ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲೂ ಇಂಥದೇ ಒಂದು ರೈಲು ಸೇತುವೆಯಿದೆ, ಮೊದಲು 11 ಅಡಿ 8 ಅಂಗುಲ ಎತ್ತರವಿತ್ತು. ಅಡಿಯಲ್ಲಿ ಒಳಚರಂಡಿಯ ದೊಡ್ಡ ಕೊಳವೆ ಇರುವುದರಿಂದ ಅಲ್ಲಿಯೂ ರಸ್ತೆ ಅಗೆಯುವಂತಿರಲಿಲ್ಲ. ಎತ್ತರದ ವಾಹನ ಕಂಡರೆ ಕೆಂಪು ದೀಪ ಹೊತ್ತಿಸುವ ಸೆನ್ಸರ್ ಹಾಕಿದರೂ ಗುದ್ದಾಟ ನಿಲ್ಲಲಿಲ್ಲ. ಕೊನೆಗೆ 2019ರಲ್ಲಿ ಸೇತುವೆಯನ್ನೇ 8 ಅಂಗುಲ ಮೇಲೆತ್ತಿದರು. ಕೆಲವೇ ವಾರಗಳಲ್ಲಿ ಮತ್ತೊಂದು ಟ್ರಕ್ ಅದಕ್ಕೆ ಗುದ್ದಿತು.

ಮಾಂಟೆಗ್ಯೂ ಸ್ಟ್ರೀಟ್‌ನ ಬಸ್ ಚಾಲಕನಿಗೆ 2018ರಲ್ಲಿ ಜೈಲು ಶಿಕ್ಷೆಯಾಯಿತು. ಅವನ ಜೊತೆಯ ಚಾಲಕರು ಮತ್ತು ಅವರ ಸಂಘ ಬೀದಿಗಿಳಿದು, ಒಂದು ಕ್ಷಣದ ತಪ್ಪಿಗೆ ವರ್ಷಗಟ್ಟಲೆ ಜೈಲೇ ಎಂದು ಕೇಳಿದವು. ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ಬಹಳವಾಗಿ ಕಡಿಮೆ ಮಾಡಿತು. ಅವನು ಎಚ್ಚರ ತಪ್ಪಿದ್ದು ನಿಜ, ಗಾಯಗೊಂಡವರ ನೋವೂ ಸಣ್ಣದಲ್ಲ. ಆದರೆ ಕುದುರೆಗಾಡಿಗೆ ಅಳೆದ ಸೇತುವೆಯ ಕೆಳಗೆ ಹೆದ್ದಾರಿಯಿಂದ ಇಳಿದ ವಾಹನಗಳನ್ನು ಬಿಟ್ಟವರು, 1987ರಲ್ಲಿ ಅದನ್ನು ಹಾಗೆಯೇ ಉಳಿಸಿಕೊಂಡವರು ಯಾರೂ ಆ ಕಟಕಟೆಯಲ್ಲಿ ನಿಲ್ಲಲಿಲ್ಲ.