ಹಾಯಿಹಡಗಿನ ಗೇಮ್: ಎರಡು ದ್ವೀಪಗಳ ನಡುವೆ ಏನಿರಬೇಕು?

ಸಮುದ್ರಯಾನದ ಗೇಮ್ ಮಾಡಲು ಹೊರಟ ತಂಡಗಳು ಸಾಮಾನ್ಯವಾಗಿ ದ್ವೀಪಗಳಿಂದ ಶುರು ಮಾಡುತ್ತವೆ. ನಿಧಿ ಎಲ್ಲಿ ಹೂತಿದೆ, ಗುಹೆಯ ಬಾಯಿ ಯಾವ ಕಡೆ, ಬಂದರಿನ ಹೆಂಡದಂಗಡಿಯಲ್ಲಿ ಯಾರು ಏನು ಹೇಳಬೇಕು ಎಂದೆಲ್ಲ ಬರೆದಿಟ್ಟುಕೊಳ್ಳುತ್ತವೆ. ಹಡಗು ಎಂದರೆ ಒಂದು ಊರಿಂದ ಇನ್ನೊಂದಕ್ಕೆ ಒಯ್ಯುವ ಬಸ್ಸು, ಅದನ್ನು ಕೊನೆಗೆ ನೋಡಿಕೊಂಡರಾಯಿತು ಎಂಬ ಲೆಕ್ಕ. ಆಡಿ ನೋಡಿದವರು ಮಾತ್ರ ಮೊದಲು ದೂರುವುದೇ ನೀರಿನ ಬಗ್ಗೆ: ಸಮುದ್ರ ಬರೀ ಬೋರು. ಆಟದ ಬಹುಪಾಲು ಹೊತ್ತು ಕಳೆಯುವುದು ನೀರಿನ ಮೇಲೇ ಆದ್ದರಿಂದ, ಆ ಹೊತ್ತಿನಲ್ಲಿ ಕೈಗೆ ಕೆಲಸ, ತಲೆಗೆ ಒಂದು ನಿರ್ಧಾರ ಇಲ್ಲದಿದ್ದರೆ ಎಷ್ಟು ಚೆಂದದ ದ್ವೀಪವೂ ಗೇಮನ್ನು ಉಳಿಸುವುದಿಲ್ಲ.

ನಿರ್ಧಾರ ಹುಟ್ಟಿಸುವ ಮೊದಲ ಸಾಧನ ಗಾಳಿ. 1987ರಲ್ಲಿ ಬಂದು 2004ರಲ್ಲಿ ಹೊಸ ರೂಪ ಪಡೆದ ‘ಸಿಡ್ ಮೈಯರ್ಸ್ ಪೈರೇಟ್ಸ್’ ಇದನ್ನು ತೀರಾ ಸರಳವಾಗಿ ಮಾಡಿ ತೋರಿಸಿತು. ಕೆರಿಬಿಯನ್‌ನಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ, ಗೇಮಿನಲ್ಲೂ ಹಾಗೆಯೇ. ಪಶ್ಚಿಮಕ್ಕೆ ಹೋಗುವುದು ಸಲೀಸು, ಪೂರ್ವಕ್ಕೆ ಮರಳುವುದು ಹೆಣಗಾಟ. ಅತ್ತ ಯಾನ ಉದ್ದವಾದಷ್ಟೂ ನಾವಿಕರ ಅಸಮಾಧಾನ ಏರುತ್ತದೆ, ಲೂಟಿ ಹಂಚಿ ಎಂದು ಗೊಣಗತೊಡಗುತ್ತಾರೆ. ಈ ಎರಡೇ ನಿಯಮಗಳಿಂದ ಇಡೀ ನಕ್ಷೆಗೆ ಅರ್ಥ ಬರುತ್ತದೆ. ಪಶ್ಚಿಮದ ತುದಿಯಲ್ಲಿ ದೋಚಿದ ಮಾಲನ್ನು ಅಲ್ಲೇ ಅಗ್ಗಕ್ಕೆ ಮಾರುವುದೋ, ಎದುರುಗಾಳಿಯಲ್ಲಿ ಒಯ್ದು ಹೆಚ್ಚಿನ ಬೆಲೆ ನೋಡುವುದೋ? ಇಂಥ ಪ್ರಶ್ನೆಯನ್ನು ಸಂಭಾಷಣೆ ಬರೆದು ಹುಟ್ಟಿಸಲಾಗದು.

ನಮ್ಮ ಅರಬ್ಬಿ ಸಮುದ್ರದ ಗಾಳಿ ಇನ್ನೂ ಒಳ್ಳೆಯ ಸರಕು. ಮಳೆಗಾಲದಲ್ಲಿ ನೈಋತ್ಯದಿಂದ, ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿ ವರ್ಷಕ್ಕೆರಡು ಸಲ ದಿಕ್ಕು ಬದಲಿಸುತ್ತದೆ. ಮಳೆಗಾಲದ ಅಬ್ಬರದಲ್ಲಿ ಕರಾವಳಿಯ ಬಂದರುಗಳಿಗೆ ಹಾಯಿಹಡಗು ಬರುವುದೇ ಕಷ್ಟವಿತ್ತು. 1510ರಲ್ಲಿ ಗೋವೆಯ ಮೇಲೆ ದಾಳಿ ಮಾಡಲು ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್‌ಗೆ ನೆರವಾದ ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ, ಈ ಗಾಳಿಯ ಲೆಕ್ಕದಲ್ಲೇ ಬದುಕಿದ ಕಡಲಾಳು. ‘ಗಾಳಿ ತಿರುಗುವುದರೊಳಗೆ ವಾಪಸಾಗಬೇಕು’ ಎಂಬ ಒಂದೇ ಒತ್ತಡದ ಮೇಲೆ ಗೇಮ್ ಕಟ್ಟಬಹುದು.

ಈಗ ಹಾಯಿಯ ಲೆಕ್ಕಕ್ಕೆ ಬರೋಣ. ಚೌಕಹಾಯಿಯ ದೊಡ್ಡ ಹಡಗು ನಿಜದಲ್ಲಿ ಗಾಳಿ ಬರುವ ದಿಕ್ಕಿಗೆ ಸುಮಾರು 60–70 ಡಿಗ್ರಿಗಿಂತ ಹತ್ತಿರ ಸಾಗಲಾರದು; ತ್ರಿಕೋನ ಹಾಯಿಯದು 45ರ ಆಸುಪಾಸಿಗೆ ಹೋದೀತು. ಇದನ್ನು ಹಾಗೆಯೇ ಗೇಮಿಗೆ ಇಳಿಸಿದರೆ ಹೊಸಬರು ಎದುರುಗಾಳಿಗೆ ಮೂತಿಯಿಟ್ಟು ನಿಂತೇಬಿಡುತ್ತಾರೆ, ಯಾಕೆ ನಿಂತೆವೆಂದೂ ಗೊತ್ತಾಗುವುದಿಲ್ಲ. ಹಾಗಾಗಿ ವೇಗವನ್ನು ಸೊನ್ನೆಗೆ ಇಳಿಸಬಾರದು. ನೇರ ಎದುರುಗಾಳಿಯಲ್ಲಿ ಗರಿಷ್ಠ ವೇಗದ ಶೇ. 30, ಅಡ್ಡಗಾಳಿಯಲ್ಲಿ 80, ಹಿಂಬದಿಯ ಓರೆಗಾಳಿಯಲ್ಲಿ ಪೂರ್ತಿ 100, ನೇರ ಹಿಂಗಾಳಿಯಲ್ಲಿ 90 ಇಟ್ಟು ಆರಂಭಿಸಿ. ನೇರ ಹಿಂಗಾಳಿಗೆ ಯಾಕೆ ಕಡಿಮೆ ಎಂದರೆ, ಹಿಂದಿನ ಕಂಬದ ಹಾಯಿ ಮುಂದಿನದಕ್ಕೆ ಗಾಳಿ ಮರೆಮಾಡುತ್ತದೆ. ಈ ಹತ್ತು ಅಂಶದ ವ್ಯತ್ಯಾಸವನ್ನು ತಾವಾಗಿಯೇ ಪತ್ತೆಹಚ್ಚಿದವರಿಗೆ ಆಗುವ ಖುಷಿ ಹತ್ತು ನಿಧಿಪೆಟ್ಟಿಗೆಗೆ ಸಮ.

ಗಾಳಿಯೂ ಕೆಡುವುದುಂಟು. ‘ವಿಂಡ್ ವೇಕರ್’ ಎಂಬ ಗೇಮ್ ಜಪಾನಿನಲ್ಲಿ 2002ರ ಡಿಸೆಂಬರಿನಲ್ಲಿ ಬಂತು. ಏಳು ಸಾಲು, ಏಳು ಕಾಲಮ್, 49 ಚೌಕಗಳ ಸಮುದ್ರ. ಅದರಲ್ಲಿ ಗಾಳಿಯ ದಿಕ್ಕನ್ನು ಆಟಗಾರರೇ ತಿರುಗಿಸಬಹುದು. ಆದರೆ ಪ್ರತಿ ಸಲವೂ ವಾದ್ಯವೃಂದ ನಡೆಸುವಂಥ ಕೋಲು ತೆಗೆದು, ಮೂರು ಸ್ವರದ ರಾಗ ನುಡಿಸಿ, ದೃಶ್ಯ ಮುಗಿಯುವವರೆಗೆ ಕಾದು, ದಿಕ್ಕು ಆರಿಸಬೇಕು. ಮೊದಲ ಸಲ ಮೋಹಕ. ಮೂವತ್ತನೇ ಸಲಕ್ಕೆ ಹಿಂಸೆ. 2013ರ ಎಚ್‌ಡಿ ಆವೃತ್ತಿಯಲ್ಲಿ ‘ಸ್ವಿಫ್ಟ್ ಸೈಲ್’ ಎಂಬ ಹಾಯಿ ಕೊಟ್ಟರು: ವೇಗವೂ ಹೆಚ್ಚು, ಯಾವತ್ತೂ ಹಿಂಗಾಳಿ. ದೂರು ನಿಂತಿತು, ಗಾಳಿಯೂ ಲೆಕ್ಕಕ್ಕಿಲ್ಲದಾಯಿತು. ನಮ್ಮ ಅಭಿಪ್ರಾಯದಲ್ಲಿ ಅಲ್ಲಿ ತೊಂದರೆಯಿದ್ದದ್ದು ಗಾಳಿಯಲ್ಲಲ್ಲ, ಗಾಳಿಗೂ ಬೆರಳಿಗೂ ನಡುವಿನ ಹತ್ತಾರು ಸೆಕೆಂಡಿನಲ್ಲಿ. ಪದೇ ಪದೇ ಮಾಡುವ ಕೆಲಸ ಒಂದು ಗುಂಡಿಯಲ್ಲಿ, ಹಡಗು ಓಡುತ್ತಿರುವಾಗಲೇ ಮುಗಿಯಬೇಕು.

ಕೈಗೆ ಕೆಲಸ ಕೊಡುವುದರಲ್ಲಿ 2018ರ ‘ಸೀ ಆಫ್ ಥೀವ್ಸ್’ಗಿಂತ ಮೇಲಾದ ಗೇಮನ್ನು ತೋರಿಸುವುದು ಕಷ್ಟ. ಮೂರು ಕಂಬದ ಗ್ಯಾಲಿಯನ್‌ನಲ್ಲಿ ನಾಲ್ವರು. ಹಾಯಿಯ ಉದ್ದ ಬೇರೆ, ಕೋನ ಬೇರೆ. ಎರಡನ್ನೂ ಹಗ್ಗ ಎಳೆದೇ ಸರಿಮಾಡಬೇಕು. ಪರದೆಯ ಮೂಲೆಯಲ್ಲಿ ಮಿನಿಮ್ಯಾಪ್ (ಪುಟ್ಟ ನಕ್ಷೆ) ಇಲ್ಲ. ನಕ್ಷೆ ಇರುವುದು ಡೆಕ್ಕಿನ ಕೆಳಗಿನ ಮೇಜಿನ ಮೇಲೆ, ದಿಕ್ಸೂಚಿ ಚುಕ್ಕಾಣಿಯ ಹತ್ತಿರ. ಚುಕ್ಕಾಣಿ ಹಿಡಿದವರಿಗೆ ಹಾಯಿ ಅಡ್ಡ ಬಂದು ಮುಂದಿನ ಬಂಡೆಯೇ ಕಾಣುವುದಿಲ್ಲ. ಕಂಡವರು ಕೂಗಿ ಹೇಳಬೇಕು, ನಕ್ಷೆ ನೋಡಿದವರು ಮೆಟ್ಟಿಲು ಹತ್ತಿ ಬಂದು ದಿಕ್ಕು ಹೇಳಬೇಕು. ಒಂದೇ ಮಾಹಿತಿಯನ್ನು ಮೂರು ಜಾಗದಲ್ಲಿ ಒಡೆದಿಟ್ಟಿದ್ದರಿಂದಲೇ ನಾಲ್ವರು ಮಾತಾಡುತ್ತಾರೆ. ಲಂಗರನ್ನು ನೋಡಿ: ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ ಲಂಗರು ಬಿಟ್ಟರೆ ಹಡಗು ಗಿರ್ರನೆ ತಿರುಗಿ ಶತ್ರುವಿಗೆ ಪಕ್ಕೆ ಕೊಡುತ್ತದೆ, ಆದರೆ ಅದನ್ನು ಮತ್ತೆ ಎಬ್ಬಿಸುವವರೆಗೆ ನೀವು ಕದಲಲಾರದ ಗುರಿ. ಲಾಭವೂ ಅಪಾಯವೂ ಒಂದೇ ಚಕ್ರದಲ್ಲಿ.

ಹಡಗಿನ ತೂಕ ಗೊತ್ತಾಗುವುದು ತಡವಾಗಿ ತಿರುಗುವುದರಿಂದ. ಚುಕ್ಕಾಣಿಯ ಬಲ ನೀರಿನ ವೇಗದ ವರ್ಗದ ಅನುಪಾತದಲ್ಲಿರುತ್ತದೆ, ನಿಂತ ಹಡಗು ತಿರುಗುವುದೇ ಇಲ್ಲ. ಈ ಸೂತ್ರವನ್ನೇ ಹಾಕಿ, ಆದರೆ ತೀರಾ ಕಡಿಮೆ ವೇಗದಲ್ಲೂ ಸೆಕೆಂಡಿಗೆ ಎರಡು ಮೂರು ಡಿಗ್ರಿ ತಿರುಗುವಷ್ಟು ರಿಯಾಯಿತಿ ಕೊಡಿ. ಇಲ್ಲದಿದ್ದರೆ ಬಂಡೆಗೆ ಮೂತಿ ಒತ್ತಿಕೊಂಡ ಹಡಗು ಅಲ್ಲೇ ಉಳಿಯುತ್ತದೆ, ಆಟ ಬಂದ್.

ಅಲೆಗಳಲ್ಲಿ ಹೆಚ್ಚಿನವರು ಎಡವುವುದು ವೇಗದ ವಿಷಯದಲ್ಲಿ. ಆಳದ ನೀರಿನಲ್ಲಿ ಉದ್ದದ ಅಲೆ ಬೇಗ ಓಡುತ್ತದೆ: 100 ಮೀಟರ್ ಉದ್ದದ್ದು ಸೆಕೆಂಡಿಗೆ ಸುಮಾರು 12.5 ಮೀಟರ್ ಸಾಗಿ ಎಂಟು ಸೆಕೆಂಡಿಗೊಮ್ಮೆ ಹಡಗನ್ನು ಎತ್ತುತ್ತದೆ. 10 ಮೀಟರಿನದು ಸುಮಾರು 4 ಮೀಟರ್ ಸಾಗಿ ಎರಡೂವರೆ ಸೆಕೆಂಡಿಗೊಮ್ಮೆ. ಎಲ್ಲಕ್ಕೂ ಒಂದೇ ವೇಗ ಕೊಟ್ಟರೆ ಮೂವತ್ತು ಮೀಟರಿನ ಹಡಗು ಮೂರಡಿಯದಾಗಿ ಕಾಣುತ್ತದೆ. ಇನ್ನೊಂದು ತಪ್ಪು ಅಲೆಯನ್ನು ಗ್ರಾಫಿಕ್ಸ್ ಕಾರ್ಡಿನಲ್ಲಿ ಮಾತ್ರ ಲೆಕ್ಕ ಹಾಕುವುದು. ಹಡಗನ್ನು ತೇಲಿಸುವ ಭೌತಲೆಕ್ಕ ನಡೆಯುವುದು ಪ್ರೊಸೆಸರಿನಲ್ಲಿ. ಅದಕ್ಕೆ ಅಲೆಯ ಎತ್ತರ ಗೊತ್ತಿಲ್ಲದಿದ್ದರೆ ನೀರು ಡೆಕ್ಕಿನ ಒಳಗಿಂದಲೇ ಹಾದುಹೋಗುತ್ತದೆ. ಅದೇ ಸೂತ್ರ, ಅದೇ ಗಡಿಯಾರ ಎರಡೂ ಕಡೆ ಇರಬೇಕು. ಹಲವರು ಆಡುವ ಗೇಮಾದರೆ ಸರ್ವರಿನ ಗಡಿಯಾರ. ಗರ್ಸ್ಟ್‌ನರ್ ಅಲೆ (ಗೇಮಿನ ನೀರಿಗೆ ಬಳಸುವ ಒಂದು ಗಣಿತಸೂತ್ರ) ಬಳಸುವವರಿಗೆ ಒಂದು ಎಚ್ಚರಿಕೆ: ಅದು ನೀರಿನ ಬಿಂದುವನ್ನು ಮೇಲೆ ಕೆಳಗೆ ಮಾತ್ರವಲ್ಲ, ಅಕ್ಕಪಕ್ಕಕ್ಕೂ ಸರಿಸುತ್ತದೆ. ಹಡಗಿನ ಮೂತಿಯಿರುವ ಜಾಗದ ಎತ್ತರ ಕೇಳಿದರೆ ಪಕ್ಕದ ನೀರಿನದು ಸಿಗುತ್ತದೆ. ಸರಿದಷ್ಟನ್ನು ಕಳೆದು ಮತ್ತೆ ಕೇಳಿ. ಮೂರು ನಾಲ್ಕು ಸುತ್ತಿನಲ್ಲಿ ಉತ್ತರ ಸಾಕಷ್ಟು ನಿಖರವಾಗುತ್ತದೆ. ಕ್ಯಾಮೆರಾ ಮಾತ್ರ ಹಡಗಿನೊಂದಿಗೆ ಪೂರ್ತಿ ಓಲಾಡಬಾರದು. ಡೆಕ್ಕು ಒಂಬತ್ತು ಡಿಗ್ರಿ ವಾಲಿದರೆ ಕ್ಯಾಮೆರಾ ಮೂರು ವಾಲಲಿ, ಅದನ್ನೂ ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿರಲಿ. ವಾಕರಿಕೆ ಬಂದವರು ಮತ್ತೆ ಗೇಮ್ ತೆರೆಯುವುದಿಲ್ಲ.

ದೂರದ ವಿಷಯ ಬೇಗ ಮುಗಿಯುತ್ತದೆ. ಹಳೆಯ ಹಾಯಿಹಡಗಿಗೆ ಎಂಟು ಹತ್ತು ನಾಟ್ (ಗಂಟೆಗೆ ಸುಮಾರು 15–18 ಕಿ.ಮೀ.) ಎಂದರೇ ಒಳ್ಳೆಯ ವೇಗ. ಆ ಲೆಕ್ಕದಲ್ಲಿ ಒಂದು ಕಿಲೋಮೀಟರಿಗೆ ಮೂರು ನಾಲ್ಕು ನಿಮಿಷ. ಗೇಮಿನಲ್ಲಿ ಸೆಕೆಂಡಿಗೆ 12 ಮೀಟರ್ ಇಟ್ಟರೆ ಅದೇ ದೂರ 83 ಸೆಕೆಂಡು. ಒಂದೂವರೆ ನಿಮಿಷಕ್ಕೊಮ್ಮೆಯಾದರೂ ದಿಗಂತದಲ್ಲಿ ಏನಾದರೊಂದು ಏಳಬೇಕು: ಹೊಗೆ, ಹಕ್ಕಿಗಳ ಗುಂಪು, ಒಡೆದ ಹಡಗಿನ ಹಲಗೆ. 2013ರ ‘ಬ್ಲ್ಯಾಕ್ ಫ್ಲ್ಯಾಗ್’ ಖಾಲಿ ಹೊತ್ತನ್ನು ನಾವಿಕರ ಹಾಡಿನಿಂದ ತುಂಬಿತು. ಬೇಡವಾದರೆ ನಿಲ್ಲಿಸಬಹುದು, ಹೆಚ್ಚಿನವರು ನಿಲ್ಲಿಸುವುದಿಲ್ಲ. 2015ರ ‘ಸನ್‌ಲೆಸ್ ಸೀ’ ತೀರಾ ಬೇರೆ ದಾರಿ ಹಿಡಿಯಿತು: ದೀಪ ಹಚ್ಚಿದರೆ ಇಂಧನ ಬೇಗ ಕರಗುತ್ತದೆ, ಆರಿಸಿದರೆ ಭಯ ಏರುತ್ತದೆ. ಹಡಗು ಆಮೆಯಂತೆ ನಿಧಾನ, ಆದರೂ ಕಣ್ಣು ಇಂಧನ, ಭಯ ತೋರಿಸುವ ಅಳತೆಪಟ್ಟಿಯಿಂದ ಕದಲುವುದಿಲ್ಲ.

ಕಾಳಗದಲ್ಲಿ ಗುಂಡು ನಿಧಾನವಾಗಿಯೇ ಹಾರಬೇಕು. ಸೆಕೆಂಡಿಗೆ 60 ಮೀಟರಿನ ಗುಂಡು 120 ಮೀಟರ್ ದೂರಕ್ಕೆ ತಲುಪಲು ಎರಡು ಸೆಕೆಂಡು. ಅಷ್ಟರಲ್ಲಿ 5 ಮೀಟರ್ ವೇಗದ ಶತ್ರು ಹತ್ತು ಮೀಟರ್ ಸರಿದಿರುತ್ತದೆ. ಅಂದರೆ 30 ಮೀಟರಿನ ಹಡಗಿಗೆ ಅದರ ಮೂರನೇ ಒಂದು ಭಾಗದಷ್ಟು ಮುಂದೆ ಗುರಿಯಿಡಬೇಕು. ಇದು ಕಣ್ಣಂದಾಜಿಗೆ ದಕ್ಕುವ ಅಳತೆ. ಗುಂಡಿನ ವೇಗ ನಾಲ್ಕು ಪಟ್ಟಾದರೆ ಸಮುದ್ರಕಾಳಗ ಬಂದೂಕಿನ ಆಟವಾಗುತ್ತದೆ.

ಏಟು ತಿಂದ ಮೇಲೆ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಹಡಗಿನ ಜೀವ ತೋರಿಸುವ ಕೆಂಪು ಪಟ್ಟಿ ಬರೀ ಇಳಿದರೆ ನೋಡುತ್ತ ಕೂರಬೇಕಷ್ಟೇ. ತೂತು ಬಿದ್ದು ನೀರು ನುಗ್ಗಬೇಕು, ಹಲಗೆ ಬಡಿಯುವುದೋ ಬಕೆಟ್ಟಿನಲ್ಲಿ ನೀರೆತ್ತುವುದೋ ಎಂಬ ಗೊಂದಲ ಹುಟ್ಟಬೇಕು. ಹಡಗು ಮುಳುಗಲು 100 ಪಾಲು ನೀರು, ಒಂದು ತೂತಿಗೆ ಸೆಕೆಂಡಿಗೆ ಅರ್ಧ ಪಾಲು ಎಂದಿಟ್ಟುಕೊಳ್ಳಿ. ತುಂಬಿ, ಮೇಲೆ ಓಡಿ, ಚೆಲ್ಲಿ ಬರಲು ನಾಲ್ಕು ಸೆಕೆಂಡು ಹಿಡಿಯುವ ಬಕೆಟ್ಟಿಗೆ ಐದು ಪಾಲು ಹಿಡಿಸಿದರೆ, ಸೆಕೆಂಡಿಗೆ ಒಂದೂಕಾಲು ಪಾಲು ಹೊರಹೋಗುತ್ತದೆ. ಒಬ್ಬರು ಎರಡು ತೂತಿನ ನೀರನ್ನು ತಡೆದಾರು, ಮೂರನೆಯದಕ್ಕೆ ಸೋಲುತ್ತಾರೆ. ಯಾರಾದರೂ ಫಿರಂಗಿ ಬಿಟ್ಟು ಕೆಳಗಿಳಿಯಲೇಬೇಕು. ಬಕೆಟ್ಟಿಗೆ ಏಳು ಪಾಲು ಹಿಡಿಸಿದರೆ ಈ ಬಿಗಿ ಪೂರ್ತಿ ಸಡಿಲಾಗುತ್ತದೆ, ಮೂರು ಪಾಲಾದರೆ ಯಾರೂ ಬಕೆಟ್ ಮುಟ್ಟುವುದಿಲ್ಲ.

ಇದನ್ನೆಲ್ಲ ಪರೀಕ್ಷಿಸಲು ಕಲೆಗಾರರಿಗಾಗಿ ಕಾಯಬೇಕಿಲ್ಲ. ಬಣ್ಣವಿಲ್ಲದ ಡಬ್ಬಿಯೊಂದನ್ನು ಹಡಗೆಂದು ಇಡಿ. ಒಂದು ಕಿಲೋಮೀಟರ್ ಅಂತರದಲ್ಲಿ ಎರಡು ಘನಗಳನ್ನು ನಿಲ್ಲಿಸಿ. ಗಾಳಿ, ಚುಕ್ಕಾಣಿ, ಅಲೆ ಮಾತ್ರ ಹಾಕಿ. ನಿಧಿ ಬೇಡ, ಶತ್ರುವೂ ಬೇಡ. ಗೇಮಿನ ಬಗ್ಗೆ ಏನೂ ಗೊತ್ತಿಲ್ಲದವರ ಕೈಗೆ ಕಂಟ್ರೋಲರ್ ಕೊಟ್ಟು ಸುಮ್ಮನೆ ನೋಡಿ. ಎರಡನೇ ಘನ ಮುಟ್ಟಿದವರು ಹೇಳದೆಯೇ ಹಡಗು ತಿರುಗಿಸಿ ಹೊರಟರೆ ದ್ವೀಪಗಳ ಕೆಲಸ ಶುರು ಮಾಡಬಹುದು. ಕಂಟ್ರೋಲರ್ ಕೆಳಗಿಟ್ಟು ‘ಈಗೇನು?’ ಎಂದು ಕೇಳಿದರೆ, ಮೊದಲು ಹಾಯಿಯ ಶೇಕಡಾವಾರು ಅಂಕಿಗಳಿಗೆ, ಆಮೇಲೆ ತಿರುಗುವ ವೇಗಕ್ಕೆ ವಾಪಸು ಹೋಗಿ.