ಕ್ಲಿಯರೆನ್ಸ್ ಡೈವರ್: ಆ ಹೆಸರೊಳಗೆ ಏನಿದೆ?

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಹಲವರು ಮಣ್ಣುಪಾಲು, ನೀರುಪಾಲಾದಾಗ ಟಿವಿಯಲ್ಲಿ ದಿನವಿಡೀ ಒಂದು ಮಾತು ಕೇಳಿಬರುತ್ತಿತ್ತು: ‘ನೌಕಾಪಡೆಯ ಮುಳುಗು ತಜ್ಞರು’. ಗಂಗಾವಳಿ ಕೆಂಪು ನೀರು ತುಂಬಿಕೊಂಡು ಹರಿಯುತ್ತಿತ್ತು. ಸೆಳೆತ ತಗ್ಗಲಿ ಎಂದು ತಜ್ಞರು ದಿನಗಟ್ಟಲೆ ಕಾಯಬೇಕಾಯಿತು. ‘ನೇವಿಯವರೇ ಇಳಿಯದಿದ್ದರೆ ಇನ್ಯಾರು ಇಳಿದಾರು’ ಎಂದು ನೊಂದುಕೊಂಡವರು ಎಷ್ಟೋ ಮಂದಿ. ಕೇರಳದ ಲಾರಿ ಮತ್ತು ಅದರ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಡ್ರೆಜರ್ ತರಿಸಿ ತಳದ ಮಣ್ಣೆತ್ತಿದ ಮೇಲೆ.

ಅದಾದ ಮೇಲೆ ನಮ್ಮ ಕರಾವಳಿಯ ಪಿಯುಸಿ ಹುಡುಗರು ಕೇಳುವ ಪ್ರಶ್ನೆಗಳಲ್ಲಿ ಹೊಸದೊಂದು ಸೇರಿಕೊಂಡಿದೆ. “ಅಣ್ಣಾ, ನೇವಿ ಡೈವರ್ ಆಗ್ಬೇಕಂದ್ರೆ ಎಂತ ಮಾಡ್ಬೇಕು?” ಕೇಳಿದಾಗಲೆಲ್ಲ ನಾನು ತಿರುಗಿ ಕೇಳುವುದಿಷ್ಟೇ: ಯಾವ ಡೈವರ್? ಏಕೆಂದರೆ ಸೇನೆಯಲ್ಲಿ ನೀರಿಗೆ ಇಳಿಯುವವರು ಹಲವು ಬಗೆ. ಕೆಳಗೆ ಹೋಗಿ ಮಾಡುವ ಕೆಲಸ ಒಬ್ಬೊಬ್ಬರದು ಒಂದೊಂದು, ಹಾಗಾಗಿ ದಾರಿಯೂ ಬೇರೆ. ಆ ಬಗೆಗಳಲ್ಲಿ ನಡುಮನೆಯ ಜಾಗದಲ್ಲಿರುವವನು ಕ್ಲಿಯರೆನ್ಸ್ ಡೈವರ್.

ಕ್ಲಿಯರೆನ್ಸ್ ಎಂದರೆ ತೆರವು. ಏನನ್ನು ತೆರವು ಮಾಡುವುದು? ಸಿಡಿಮದ್ದನ್ನು. ಈ ಕಸುಬು ಎರಡನೇ ಮಹಾಯುದ್ಧದ ಕೂಸು. 1941ರ ಡಿಸೆಂಬರ್ 19ರ ಬೆಳಗಿನ ಜಾವ ಇಟಲಿಯ ಆರು ಮಂದಿ ಮೂರು ಸಣ್ಣ ಜಲವಾಹನಗಳ ಮೇಲೆ ಕುಳಿತು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನೊಳಗೆ ನುಸುಳಿದರು. ಹಡಗುಗಳ ಅಡಿಯಲ್ಲಿ ಸ್ಫೋಟಕ ಇಟ್ಟು ಬ್ರಿಟನ್ನಿನ ಎರಡು ದೊಡ್ಡ ಯುದ್ಧನೌಕೆಗಳನ್ನು ನೆಲಕಚ್ಚಿಸಿದರು. ಆರು ಜನಕ್ಕೆ ಎರಡು ಯುದ್ಧನೌಕೆ! ಹಡಗಿನ ಹೊಟ್ಟೆಯ ಕೆಳಗೂ ಕಾವಲು ಬೇಕು ಎಂಬುದು ಆಗ ಬ್ರಿಟಿಷ್ ನೌಕಾಪಡೆಗೆ ಮನದಟ್ಟಾಯಿತು. 1944ರಲ್ಲಿ ಮಿತ್ರಪಡೆಗಳು ಯುರೋಪಿನ ಬಂದರುಗಳನ್ನು ಒಂದೊಂದಾಗಿ ಬಿಡಿಸಿಕೊಂಡವು. ಸೋತು ಹೊರಟ ಜರ್ಮನರು ನೀರಿನ ತಳದಲ್ಲಿ ಬಿಟ್ಟುಹೋದ ಸಿಡಿಮದ್ದನ್ನು ಕೆಸರಲ್ಲಿ ತಡಕಿ ಹುಡುಕಿ ತೆಗೆಯಲು ಬ್ರಿಟನ್ನು ಪ್ರತ್ಯೇಕ ತಂಡಗಳನ್ನೇ ಕಟ್ಟಿತ್ತು. ಆ ತಂಡಗಳ ವಾರಸುದಾರರೇ ಇಂದಿನ ಕ್ಲಿಯರೆನ್ಸ್ ಡೈವರ್‌ಗಳು. ನಮ್ಮ ನೌಕಾಪಡೆಗೆ ಈ ಹೆಸರು ಬಂದದ್ದೂ ಬ್ರಿಟಿಷ್ ಪರಂಪರೆಯಿಂದಲೇ.

ಕನ್ನಡದಲ್ಲಿ ‘ತೆರವು ಮುಳುಗುಗಾರ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಪತ್ರಿಕೆಗಳ ‘ಮುಳುಗು ತಜ್ಞ’ ಚೆನ್ನಾಗಿದೆ, ಆದರೆ ಅದು ಎಲ್ಲ ಬಗೆಯವರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಹಾಗಾಗಿ ಇಲ್ಲಿ ಮೂಲದ ಹೆಸರನ್ನೇ ಉಳಿಸಿಕೊಂಡಿದ್ದೇನೆ.

ಆ ಕೆಲಸವನ್ನು ಹತ್ತಿರದಿಂದ ನೋಡೋಣ. ಬಂದರಿನಲ್ಲಿ ನಿಂತ ಹಡಗಿನ ತಳಕ್ಕೆ ಯಾರೋ ಮೈನ್, ಅಂದರೆ ಸಿಡಿಮದ್ದಿನ ಪೆಟ್ಟಿಗೆ, ಅಂಟಿಸಿರಬಹುದು ಎಂಬ ಅನುಮಾನ ಬಂದಿದೆ ಎಂದಿಟ್ಟುಕೊಳ್ಳಿ. ಡೈವರ್‌ಗಳು ನೀರಿನ ಮಟ್ಟದಿಂದ ಹಡಗಿನ ಅಡಿಗಟ್ಟಿನವರೆಗೆ ಒಂದೇ ಹಗ್ಗ ಹಿಡಿದು, ಅಷ್ಟಷ್ಟು ಅಂತರ ಬಿಟ್ಟು ಸಾಲಾಗಿ ನಿಲ್ಲುತ್ತಾರೆ. ಆ ಸಾಲು ಮುಂದಿನ ತುದಿಯಿಂದ ಹಿಂದಿನ ತುದಿಗೆ ನಿಧಾನವಾಗಿ ಸರಿಯುತ್ತದೆ. ಬಂದರಿನ ನೀರಿನಲ್ಲಿ ಚಾಚಿದ ಕೈಯೇ ಕಾಣದ ದಿನಗಳಿರುತ್ತವೆ. ಆಗ ನೋಡುವುದೆಲ್ಲ ಬೆರಳೇ. ಪಾಚಿಯ ಜಾರು, ಚಿಪ್ಪಿನ ಒರಟು, ಬೆಸುಗೆಯ ಏಣು, ನೀರು ಒಳಗೆಳೆಯುವ ಜಾಲರಿಯ ಕಂಡಿ ಇವೆಲ್ಲ ಬೆರಳಿಗೆ ಪರಿಚಯವಿರಬೇಕು. ಅಲ್ಲಿರಬಾರದ ಒಂದು ಉಬ್ಬು ಸಿಕ್ಕರೆ ಅಲ್ಲಿಯೇ ತಡೆಯಬೇಕು. ಅಘನಾಶಿನಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು ಕೆಸರಿನಲ್ಲಿ ಕೈಯಾಡಿಸಿ ಬಳಚು ಯಾವುದು, ಕಲ್ಲು ಯಾವುದು ಎಂದು ಹೇಳುವುದನ್ನು ಕಂಡವರಿಗೆ ಈ ಮಾತು ಬೇಗ ತಲುಪುತ್ತದೆ.

ಇಷ್ಟು ಹೊತ್ತೂ ಮೇಲೆ ದೋಣಿಯಲ್ಲಿ ಇನ್ನೊಬ್ಬ ಕುಳಿತಿರುತ್ತಾನೆ. ಕೆಳಗಿನವನ ಹಗ್ಗದ ತುದಿ ಅವನ ಕೈಯಲ್ಲಿ. ಮಾತೆಲ್ಲ ಹಗ್ಗದ ಜಗ್ಗಿನಲ್ಲೇ. ಎಷ್ಟು ಸಲ ಜಗ್ಗಿದರೆ ಯಾವ ಅರ್ಥ ಎಂಬುದನ್ನು ಬಾಯಿಪಾಠ ಮಾಡಿರುತ್ತಾರೆ. ತರಬೇತಿಯಲ್ಲಿ ಕಲಿಯುವ ಮೊದಲ ಪಾಠಗಳಲ್ಲಿ ಈ ಹಗ್ಗ ಹಿಡಿಯುವುದೂ ಒಂದು.

ಉಳಿದ ಬಗೆಗಳ ಪೈಕಿ ‘ಶಿಪ್ಸ್ ಡೈವರ್’ ಎಂದರೆ ಹಡಗಿನ ಡೈವರ್. ಬೇರೆ ಕಸುಬಿನ ನಾವಿಕನೇ ಕಿರು ತರಬೇತಿ ಪಡೆದು ತನ್ನ ಹಡಗಿನ ಅಡಿಭಾಗ ನೋಡುವುದು, ಹಡಗನ್ನು ಮುಂದೂಡುವ ಫ್ಯಾನಿಗೆ ಸುತ್ತಿದ ಹಗ್ಗ ಬಿಡಿಸುವುದು ಇಂಥ ಕೆಲಸ ಮಾಡುತ್ತಾನೆ. ನೌಕಾಪಡೆಯ ಮಾರ್ಕೋಸ್ ಕಮಾಂಡೋ ಬೇರೆ. 1987ರಲ್ಲಿ ಹುಟ್ಟಿದ ಆ ಪಡೆಗೆ ಡೈವಿಂಗು ಪ್ಯಾರಾಚೂಟಿನ ಹಾಗೆ ಗುರಿ ಮುಟ್ಟುವ ಒಂದು ಸಾಧನ. ನೀರಿನಿಂದ ಎದ್ದ ಮೇಲೆ ಅವರ ಕೆಲಸ ಶುರು. ಕ್ಲಿಯರೆನ್ಸ್ ಡೈವರನ ಕೆಲಸ ನೀರೊಳಗೇ ಶುರುವಾಗಿ ನೀರೊಳಗೇ ಮುಗಿಯುತ್ತದೆ. ಡೈವರ್ ಆಗಬೇಕು ಎನ್ನುವ ಹತ್ತು ಹುಡುಗರಲ್ಲಿ ಏಳೆಂಟು ಮಂದಿಯ ಕಣ್ಣಲ್ಲಿರುವುದು ಕಮಾಂಡೋ ಚಿತ್ರ. ಅದು ತಪ್ಪಲ್ಲ, ಆದರೆ ಅದು ಬೇರೆಯೇ ದಾರಿ ಎಂಬುದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಇನ್ನು ಸ್ಯಾಚುರೇಶನ್ ಡೈವರ್. ಇದನ್ನು ತಿಳಿಯಲು ಸ್ವಲ್ಪ ಫಿಸಿಕ್ಸ್ ಬೇಕು. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಮೈಮೇಲೆ ಇನ್ನೊಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಉಸಿರಿನ ನೈಟ್ರೋಜನ್ ರಕ್ತ, ಕೊಬ್ಬುಗಳಲ್ಲಿ ಕರಗುತ್ತ ಹೋಗುತ್ತದೆ. ಅವಸರದಲ್ಲಿ ಮೇಲೆ ಬಂದರೆ, ಬಿರಡೆ ತೆಗೆದ ಸೋಡಾ ಬಾಟಲಿಯಲ್ಲಿ ಏಳುವಂತೆ, ಅದು ಮೈಯೊಳಗೇ ಗುಳ್ಳೆಯಾಗುತ್ತದೆ. ಕೀಲುನೋವು, ಲಕ್ವ, ಕೆಲವೊಮ್ಮೆ ಸಾವು. ಇದಕ್ಕೆ ‘ಬೆಂಡ್ಸ್’ ಎನ್ನುತ್ತಾರೆ. ತಡೆಯಬೇಕಾದರೆ ಏರುವಾಗ ಅಲ್ಲಲ್ಲಿ ನಿಂತು ನಿಂತು ಬರಬೇಕು. ಎಲ್ಲಿ, ಎಷ್ಟು ಹೊತ್ತು ಎಂಬ ಕೋಷ್ಟಕವನ್ನು ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ಪರೀಕ್ಷೆ ನಡೆಸಿ 1908ರಲ್ಲಿ ಪ್ರಕಟಿಸಿದರು.

ಆದರೆ ಒಂದು ಹಂತದಲ್ಲಿ ಮೈಗೆ ಇನ್ನು ಅನಿಲ ಹಿಡಿಸುವುದಿಲ್ಲ, ಉಪ್ಪು ಕರಗಿ ಕರಗಿ ಇನ್ನು ಸಾಕೆನ್ನುವ ನೀರಿನಂತೆ. ಇದೇ ಸ್ಯಾಚುರೇಶನ್. ಆಮೇಲೆ ಒಂದು ದಿನ ಇದ್ದರೂ ಇಪ್ಪತ್ತು ದಿನ ಇದ್ದರೂ ಮೇಲೆ ಬರಲು ತಗಲುವ ಕಾಲ ಒಂದೇ. ಆದ್ದರಿಂದ ಡೈವರ್‌ಗಳನ್ನು ಹಡಗಿನ ಮೇಲಿನ ಉಕ್ಕಿನ ಕೋಣೆಯಲ್ಲೇ ಆಳದ ಒತ್ತಡದಲ್ಲಿ ಇಡುತ್ತಾರೆ. ಊಟ, ನಿದ್ದೆ ಎಲ್ಲ ಅಲ್ಲೇ. ಕೆಲಸದ ಹೊತ್ತಿಗೆ ಗಂಟೆಯಾಕಾರದ ತೊಟ್ಟಿಲಲ್ಲಿ ಕೆಳಗಿಳಿಸುತ್ತಾರೆ. ಉಸಿರಾಟಕ್ಕೆ ಹೀಲಿಯಂ ಬೆರೆತ ಅನಿಲ, ಅದರಿಂದ ಮಾತು ಬಾತುಕೋಳಿಯ ದನಿಯಂತಾಗುತ್ತದೆ. 2025ರ ಜುಲೈ 18ರಂದು ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ನಿಸ್ತಾರ್ ಇಂಥ ಹಡಗು. 300 ಮೀಟರ್ ಆಳದವರೆಗೆ ಡೈವರ್‌ಗಳನ್ನು ಇಳಿಸುವ ಶಕ್ತಿ ಅದಕ್ಕಿದೆ. ಮುಳುಗಿದ ಜಲಾಂತರ್ಗಾಮಿಯಲ್ಲಿ ಸಿಕ್ಕಿಬಿದ್ದವರನ್ನು ಉಳಿಸುವುದು ಅದರ ದೊಡ್ಡ ಹೊಣೆ. ಇದೇ ಹೆಸರಿನ ಹಳೆಯ ಹಡಗು 1971ರಲ್ಲಿ ವಿಶಾಖಪಟ್ಟಣದ ಹೊರಗೆ ಮುಳುಗಿದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿಯ ಅವಶೇಷ ಶೋಧಿಸಲು ನೆರವಾಗಿತ್ತು.

‘ತೆರವು’ ಎಂಬ ಪದದ ಅರ್ಥ ಈಗ ಸಿಡಿಮದ್ದನ್ನು ದಾಟಿ ಬಹಳ ದೂರ ಬಂದಿದೆ. 2013ರ ಆಗಸ್ಟ್ 14ರಂದು ಮುಂಬೈ ಬಂದರಿನಲ್ಲಿ ಸಿಂಧುರಕ್ಷಕ್ ಜಲಾಂತರ್ಗಾಮಿ ಸ್ಫೋಟಗೊಂಡು ಮುಳುಗಿದಾಗ, ಎಣ್ಣೆ ಬೆರೆತ ಕಗ್ಗತ್ತಲ ನೀರಿನಲ್ಲಿ, ಬಿಸಿಗೆ ಬಿಗಿದುಹೋದ ಬಾಗಿಲುಗಳ ನಡುವೆ ಸಹೋದ್ಯೋಗಿಗಳ ದೇಹ ಹುಡುಕಿದವರು ಡೈವರ್‌ಗಳೇ. 2018ರ ಡಿಸೆಂಬರಿನಲ್ಲಿ ಮೇಘಾಲಯದ ಬೆಟ್ಟದ ಕಲ್ಲಿದ್ದಲು ಗಣಿಗೆ ನೀರು ನುಗ್ಗಿದಾಗಲೂ ವಿಶಾಖಪಟ್ಟಣದಿಂದ ಅವರು ಹೋಗಬೇಕಾಯಿತು. ಸಮುದ್ರದ ಗಾಳಿಯೂ ಸುಳಿಯದ ಜಾಗ ಅದು.

ದಾರಿಯ ವಿಷಯಕ್ಕೆ ಬರುತ್ತೇನೆ. ನೇರವಾಗಿ ‘ಡೈವರ್ ಹುದ್ದೆ’ಗೆ ಅರ್ಜಿ ಹಾಕಿ ನೌಕಾಪಡೆಗೆ ಸೇರುವಂತಿಲ್ಲ. ಮೊದಲು ನಾವಿಕ ಅಥವಾ ಅಧಿಕಾರಿ ಆಗಬೇಕು, ಆಮೇಲೆ ‘ನಾನು ಸಿದ್ಧ’ ಎಂದು ಮುಂದೆ ಬರಬೇಕು. ನಾವಿಕನಾಗಲು ಈಗಿನ ಬಾಗಿಲು ಅಗ್ನಿವೀರ್. ಎಸ್‌ಎಸ್‌ಆರ್ (ಸೀನಿಯರ್ ಸೆಕೆಂಡರಿ ರಿಕ್ರೂಟ್) ವಿಭಾಗಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿರಬೇಕು, ಮೊದಲ ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. ನಾಲ್ಕು ವರ್ಷದ ನಂತರ ಕಾಲು ಭಾಗದವರೆಗೆ ಮಾತ್ರ ಮುಂದುವರಿಯುತ್ತಾರೆ ಎಂಬುದನ್ನು ಮನೆಯವರ ಜೊತೆ ಕೂತು ಯೋಚಿಸಿಯೇ ಹೆಜ್ಜೆ ಇಡಬೇಕು. ಅಧಿಕಾರಿಯಾಗಲು ಎನ್‌ಡಿಎ ಪರೀಕ್ಷೆ ಇದೆ, ಜೆಇಇ ರ‍್ಯಾಂಕಿನ ಮೇಲೆ ಕೇರಳದ ಏಳಿಮಲೆ ಅಕಾಡೆಮಿಗೆ ಸೇರುವ ದಾರಿಯೂ ಇದೆ. ಇಬ್ಬರೂ ಕೊನೆಗೆ ಸೇರುವ ಜಾಗ ಮಾತ್ರ ಒಂದೇ: ಕೊಚ್ಚಿಯ ಡೈವಿಂಗ್ ಸ್ಕೂಲ್. ಅಧಿಕಾರಿಯಾದರೆ ಯೋಜನೆ, ತಂಡದ ಹೊಣೆ ಹೆಚ್ಚು. ವರ್ಷಗಟ್ಟಲೆ ಕೈಯಾರೆ ಇದೇ ಕಸುಬು ಮಾಡಬೇಕೆಂಬ ಹಂಬಲವಿದ್ದರೆ ನಾವಿಕನ ದಾರಿ ಚಿಕ್ಕದೆಂದು ತಿಳಿಯಬೇಡಿ.

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿ ಬಂದವರು ಆ ಸರ್ಟಿಫಿಕೇಟು ತೋರಿಸುತ್ತಾರೆ. ನೀರಿನ ಭಯ ಹೋಗಲು ಅದು ಒಳ್ಳೆಯದೇ, ಆದರೆ ನೌಕಾಪಡೆ ಸೇರಲು ಬೇಕಿಲ್ಲ. ಅಲ್ಲಿನ ತಿಳಿನೀರಿಗೂ ಬಂದರಿನ ಕೆಸರಿಗೂ ಬಹಳ ಅಂತರ.

ಅದಕ್ಕಿಂತ ಮುಖ್ಯ ಕಿವಿ. ಇಳಿಯುವಾಗ ಹೊರಗಿನ ಒತ್ತಡಕ್ಕೆ ಸಮನಾಗಿ ಕಿವಿಯ ಒಳಗೂ ಗಾಳಿ ತುಂಬಬೇಕು. ಅದಕ್ಕೇ ಡೈವರ್‌ಗಳು ಮೂಗು ಹಿಡಿದು ಮೆಲ್ಲಗೆ ಊದುತ್ತಾರೆ. ಕಿವಿಯ ತಮಟೆಯಲ್ಲಿ ತೂತಿದ್ದರೆ, ಕಿವಿ ಸೋರುತ್ತಿದ್ದರೆ, ಎಂಥ ಈಜುಗಾರನಾದರೂ ವೈದ್ಯಕೀಯ ಪರೀಕ್ಷೆಯಲ್ಲೇ ವಾಪಸು ಬರುತ್ತಾನೆ. ಹೊಳೆಯಲ್ಲಿ ಆಡಿ ಬೆಳೆದ ನಮ್ಮ ಕಡೆಯ ಹುಡುಗರಲ್ಲಿ ಕಿವಿ ಸೋರುವುದು ಮಾಮೂಲು ಎಂದು ಸುಮ್ಮನಿರುವವರಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿರುವಾಗಲೇ ಇಎನ್‌ಟಿ ಡಾಕ್ಟರಿಗೆ ಒಮ್ಮೆ ತೋರಿಸಿ. ಹತ್ತಿಕಡ್ಡಿ, ಹೇರ್‌ಪಿನ್ನು ಕಿವಿಗೆ ಹಾಕುವುದನ್ನು ಇವತ್ತೇ ಬಿಡಿ.