ಒಂದು ಕೊಡಕ್ಕೆ ಒಂದು ಲೋಟ ಸಮುದ್ರ

ಏಪ್ರಿಲ್ ಕೊನೆಯಲ್ಲಿ ನಮ್ಮ ಬಾವಿಯ ಸುದ್ದಿ ಮೊದಲು ಗೊತ್ತಾಗುವುದು ಚಾದಲ್ಲಿ. ಆಯಿ ಬೆಳಿಗ್ಗೆ ಒಂದು ಗುಟುಕು ಕುಡಿದು ಲೋಟ ಕೆಳಗಿಡುತ್ತಾಳೆ. "ತಮಾ, ನೀರು ಕೆಡಲಿಕ್ಕೆ ಹಿಡೀತು ನೋಡು" ಎನ್ನುತ್ತಾಳೆ. ನಮ್ಮದು ಕುಮಟಾ ಕಡೆ, ಸಮುದ್ರಕ್ಕೆ ಹತ್ತಿರದ ಊರು. ಬಾವಿಯೇನೂ ಬತ್ತಿರುವುದಿಲ್ಲ. ಬಗ್ಗಿ ನೋಡಿದರೆ ತಳದಲ್ಲಿ ನೀರು ಹೊಳೆಯುತ್ತದೆ. ಆದರೆ ಅದಕ್ಕೆ ಸಮುದ್ರದ ಉಪ್ಪು ಸೇರಿರುತ್ತದೆ. ಬೇಳೆ ಬೇಗ ಬೇಯುವುದಿಲ್ಲ, ಸೋಪು ಉಜ್ಜಿದರೆ ನೊರೆ ಏಳುವುದಿಲ್ಲ.

ಒಂದು ಬಾವಿ ಕೆಡುವುದಕ್ಕೆ ಎಷ್ಟು ಸಮುದ್ರ ಬೇಕು? ನಾನೊಮ್ಮೆ ಲೆಕ್ಕ ಹಾಕಿದೆ. ಉಪ್ಪಿನ ಒಂದು ಅಂಶವಾದ ಕ್ಲೋರೈಡ್ ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು ಅನ್ನುತ್ತದೆ ಭಾರತೀಯ ಮಾನಕ. ಬೇರೆ ನೀರೇ ಸಿಗದಿದ್ದರೆ 1000ದವರೆಗೆ ಹೋಗಬಹುದು. ಸಮುದ್ರದ ನೀರಿನಲ್ಲಿ ಇದು ಸುಮಾರು 19,000. ಅಂದರೆ 15 ಲೀಟರಿನ ಒಂದು ಕೊಡ ಒಳ್ಳೆಯ ನೀರಿಗೆ ಒಂದೇ ಒಂದು ಲೋಟ, 200 ಮಿಲಿಲೀಟರ್, ಸಮುದ್ರದ ನೀರು ಬಿದ್ದರೆ ಸಾಕು. ಆ 250ರ ಗೆರೆ ಮುಟ್ಟಿಬಿಡುತ್ತದೆ. ಆಯಿಯ ನಾಲಿಗೆಗೆ ಗೊತ್ತಾಗುವುದೂ ಹೆಚ್ಚುಕಡಿಮೆ ಅಲ್ಲಿಂದಲೇ.

ಆ ಲೋಟ ಬರುವ ದಾರಿ ಬಾವಿಯ ಕೆಳಗಿದೆ. ಕರಾವಳಿಯ ಮರಳು ನೆಲದಲ್ಲಿ ಮಳೆಯ ಸಿಹಿ ನೀರು ಉಪ್ಪು ನೀರಿನ ಮೇಲೆ ತೇಲುತ್ತಾ ಕೂತಿರುತ್ತದೆ. ಸಿಹಿ ನೀರು ಹಗುರ, ಸಮುದ್ರದ ನೀರು ಅದಕ್ಕಿಂತ ಶೇಕಡಾ ಎರಡೂವರೆಯಷ್ಟು ಭಾರ. ಈ ಸಣ್ಣ ವ್ಯತ್ಯಾಸದಿಂದ ಒಂದು ದೊಡ್ಡ ಲೆಕ್ಕ ಹುಟ್ಟುತ್ತದೆ. ಬಾವಿಯ ನೀರು ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಸಿಹಿ ನೀರು ಸಮುದ್ರ ಮಟ್ಟದಿಂದ ಕೆಳಗೆ ಸುಮಾರು 40 ಮೀಟರ್ ತನಕ ಇರುತ್ತದೆ. 19ನೇ ಶತಮಾನದ ಕೊನೆಗೆ ನೆದರ್ಲೆಂಡ್ಸಿನ ಗೈಬೆನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡರು. ಇಬ್ಬರೂ ಕೆಲಸ ಮಾಡಿದ್ದು ನಮ್ಮಂಥ ಮರಳು ದಂಡೆಗಳಲ್ಲಿ.

ಈ ಲೆಕ್ಕವನ್ನೇ ತಿರುಗಿಸಿ ನೋಡಿ. ಒಂದು ಗೇಣು ನೀರು ಇಳಿದು ಹಾಗೇ ನಿಂತರೆ, ಕೆಳಗಿನ ಉಪ್ಪು ನೀರು ಒಂಬತ್ತು ಮೀಟರಿನಷ್ಟು ಮೇಲೇರಲು ದಾರಿಯಾಗುತ್ತದೆ. ನಿಜವಾದ ನೆಲದಲ್ಲಿ ಇದು ಗೆರೆ ಎಳೆದ ಹಾಗೆ ಇರುವುದಿಲ್ಲ, ಮಧ್ಯದಲ್ಲಿ ಬೆರಕೆ ನೀರಿನ ಪಟ್ಟಿಯೊಂದು ಇರುತ್ತದೆ. ಒಂದೇ ದಿನಕ್ಕೆ ಏರುವುದೂ ಇಲ್ಲ. ಆದರೆ ಒಮ್ಮೆ ಮೇಲೆ ಬಂದ ಉಪ್ಪು ಸುಲಭಕ್ಕೆ ಇಳಿಯುವುದಿಲ್ಲ, ಮಳೆಗಾಲವೇ ಬರಬೇಕು.

ಹಗ್ಗ, ರಾಟೆಯಲ್ಲಿ ಸೇದುತ್ತಿದ್ದಾಗ ಬಾವಿಗೆ ಉಸಿರಾಡಲು ಹೊತ್ತು ಸಿಗುತ್ತಿತ್ತು. ನಾಲ್ಕು ಕೊಡ ಸೇದಿದರೆ ಕೈ ಸೋಲುತ್ತದೆ, ಅಷ್ಟರಲ್ಲಿ ಒರತೆ ಜಿನುಗಿ ನೀರು ಮತ್ತೆ ಮೇಲೆ ಬರುತ್ತದೆ. ಪಂಪು ಹಾಗಲ್ಲ. ಗಂಟೆಗೆ ಸಾವಿರಾರು ಲೀಟರ್ ಎತ್ತುತ್ತದೆ. ಸುತ್ತಲಿನ ನೀರಿನ ಮಟ್ಟ ಲಾಳಿಕೆಯ ಹಾಗೆ ಬಾವಿಯ ಕಡೆಗೆ ತಗ್ಗುತ್ತದೆ, ಅಡಿಯಿಂದ ಉಪ್ಪು ಗುಪ್ಪೆಯಾಗಿ ಏಳುತ್ತದೆ. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಹಿತ್ತಿಲಲ್ಲಿ ಟ್ಯಾಂಕರಿಗೆ ನೀರು ತುಂಬಿಸಲು ಶುರು ಮಾಡಿದರು. ಆ ವರ್ಷ ನಮ್ಮ ಚಾ ಮಾರ್ಚಿನಲ್ಲೇ ಕೆಟ್ಟಿತು. ಅವರ ಬಾವಿಯೂ ಕೆಟ್ಟಿತು ಅನ್ನಿ.

ಕೇಳುವುದಕ್ಕೆ ಕಾನೂನು ಇಲ್ಲವೇ? ಇದೆ, ಒಂದಕ್ಕಿಂತ ಜಾಸ್ತಿ ಇದೆ. ಎಲ್ಲಕ್ಕಿಂತ ಹಳೆಯದು ಅಕ್ಕಪಕ್ಕದ ಜಾಗಗಳ ಹಕ್ಕುಗಳ ಬಗೆಗಿನ 1882ರ ಈಸ್‌ಮೆಂಟ್ ಕಾಯ್ದೆ. ನೆಲದಡಿ ನಿಶ್ಚಿತ ಹರಿವಿಲ್ಲದ ನೀರನ್ನು ತನ್ನ ಗಡಿಯೊಳಗೆ ಎಷ್ಟು ಬೇಕಾದರೂ ತೆಗೆಯುವುದು ಜಾಗದ ಮಾಲೀಕನ ಹಕ್ಕು ಅನ್ನುತ್ತದೆ ಅದು. ನೀರು ಮರಳಿನೊಳಗೆ ಯಾವ ನಿಯಮದಲ್ಲಿ ಹರಿಯುತ್ತದೆ ಎಂದು ಫ್ರಾನ್ಸಿನ ಹೆನ್ರಿ ಡಾರ್ಸಿ 1856ರಲ್ಲೇ ಬರೆದಿದ್ದರು. ಕಾನೂನು ಮಾತ್ರ ನೆಲದಡಿಯ ನೀರನ್ನು ಕಣ್ಣಿಗೆ ಕಾಣದ, ಲೆಕ್ಕಕ್ಕೆ ಸಿಗದ ವಸ್ತು ಅಂತಲೇ ನಂಬಿಕೊಂಡಿತು. "ನನ್ನ ಜಾಗ, ನನ್ನ ಬಾವಿ" ಎಂಬ ಮಾತಿನ ಬೇರು ಇಲ್ಲಿದೆ.

ಕರ್ನಾಟಕ 1999ರಲ್ಲಿ ಒಂದು ಕಾಯ್ದೆ ತಂದಿತು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವ ಹಾಗಿಲ್ಲ. 2011ರ ಕಾಯ್ದೆಯಲ್ಲಿ ಅಂತರ್ಜಲ ಪ್ರಾಧಿಕಾರದ ವ್ಯವಸ್ಥೆ ಬಂತು. ನೀರು ಅತಿಯಾಗಿ ಬಸಿದ ಕಡೆಗಳನ್ನು ಅಧಿಸೂಚಿತ ಪ್ರದೇಶ ಎಂದು ಘೋಷಿಸಿ, ಅಲ್ಲಿ ಹೊಸ ಬಾವಿಗೆ ಅನುಮತಿ ಕಡ್ಡಾಯ ಮಾಡಿತು. ಕೊಳವೆಬಾವಿ ಕೊರೆಯುವ ಮುಂಚೆ 15 ದಿನ ಮೊದಲೇ ಬರಹದಲ್ಲಿ ತಿಳಿಸಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ತೆರೆದ ಕೊಳವೆಗಳಿಗೆ ಮಕ್ಕಳು ಬೀಳುವುದನ್ನು ತಪ್ಪಿಸಲು. ಇವೆಲ್ಲ ಒಳ್ಳೆಯ ನಿಯಮಗಳೇ.

ಆದರೆ ನನ್ನ ತಕರಾರು ಅಳತೆಯ ಬಗ್ಗೆ. ಒಂದು ತಾಲೂಕಿನಲ್ಲಿ ವರ್ಷಕ್ಕೆ ಇಂಗುವ ನೀರಿನಲ್ಲಿ ತೆಗೆಯಬಹುದಾದ ಪಾಲು ಎಷ್ಟು, ತೆಗೆದದ್ದು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ತೆಗೆದದ್ದು ಶೇ 70ರ ಒಳಗಿದ್ದರೆ ಸುರಕ್ಷಿತ, 100 ದಾಟಿದರೆ ಅತಿಬಳಕೆ. ಕೋಲಾರದ ಕಡೆಗೆ ಈ ಲೆಕ್ಕ ಸರಿಯಾಗಿಯೇ ಹೊಂದುತ್ತದೆ. ಮೂರು ಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ವರ್ಷದ ಮೊತ್ತ ನೋಡಿದರೆ ನೀರಿಗೆ ಕೊರತೆಯೇ ಕಾಣದು. ಮಳೆ ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ತನಕ. ನಮಗೆ ಬಾಯಾರುವುದು ಏಪ್ರಿಲ್, ಮೇನಲ್ಲಿ. ತಾಲೂಕಿನ ಸರಾಸರಿಯಲ್ಲಿ ಗುಡ್ಡದ ಕಾಡೂ ಸೇರಿರುತ್ತದೆ, ಸಮುದ್ರದ ಅಂಚಿನ ಅರ್ಧ ಕಿಲೋಮೀಟರ್ ಮರಳುಪಟ್ಟಿ ಅದರಲ್ಲಿ ಮುಚ್ಚಿಹೋಗುತ್ತದೆ. ಉಪ್ಪಿನ ಮಾತಂತೂ ಆ ಶೇಕಡಾದಲ್ಲಿ ಬರುವುದೇ ಇಲ್ಲ.

ನಮ್ಮ ನೆಲದ ಗುಣವೂ ಬೇರೆ. ಮರಳುಪಟ್ಟಿ ದಾಟಿದರೆ ಮೇಲೆ ತೂತುತೂತಾದ ಚಿರೆಕಲ್ಲು, ಅದರಡಿ ಬಹಳ ಕಡೆ ಜಾರುವ ಶೇಡಿ ಮಣ್ಣು. ಚಿರೆಕಲ್ಲು ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟುಬಿಡುತ್ತದೆ. ಜುಲೈ ಹೊತ್ತಿಗೆ ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ. ನೂರು ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಸುಮಾರು 3 ಲಕ್ಷ ಲೀಟರ್ ಬೀಳುತ್ತದೆ, ಅದನ್ನು ಬಾವಿಗೆ ಇಳಿಸಿ ಎಂದು ಎಲ್ಲರೂ ಹೇಳುತ್ತಾರೆ. ಇಳಿಸಿ, ಬೇಡ ಅನ್ನುವುದಿಲ್ಲ. ಆದರೆ ಜುಲೈನಲ್ಲಿ ತುಂಬಿದ ಕೊಡಕ್ಕೆ ಮತ್ತೆ ಹೊಯ್ದರೆ ನಿಲ್ಲುತ್ತದೆಯೇ? ಇಲ್ಲಿ ಬೇಕಾದದ್ದು ಅಕ್ಟೋಬರ್ ನಂತರ ನೀರು ನಿಧಾನಕ್ಕೆ ಹೋಗುವಂತೆ ಮಾಡುವುದು: ಬೆಟ್ಟದ ಮೇಲೆ ಮರ, ಉದುರಿದ ಒಣ ಎಲೆಯ ದರಕು, ಕೆರೆ, ಮಳೆ ನಿಂತ ಮೇಲೆ ಹಳ್ಳಕ್ಕೆ ಹಾಕುವ ಒಡ್ಡು.

ಶಿರಸಿ ಕಡೆ ನನ್ನ ಸೋದರತ್ತೆಯ ಮನೆ. ಅಲ್ಲಿ ಉಪ್ಪಿನ ಕಾಟವಿಲ್ಲ, ತೊಂದರೆ ಬೇರೆ ರೀತಿಯದು. ಗುಡ್ಡದ ಬುಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರು ಬಂದು ಅಂಗಳದಂಚಿನ ಕಲ್ಲುಮರಿಗೆಗೆ ಬೀಳುತ್ತಿತ್ತು. ಚಿಕ್ಕವನಿದ್ದಾಗ ಮೇ ತಿಂಗಳಲ್ಲೂ ಅದರ ಕೆಳಗೆ ಕೈಯೊಡ್ಡಿ ಕುಡಿದಿದ್ದೇನೆ. ಮೇಲಿನ ಜಾಗದಲ್ಲಿ ಬೋರು ಹೊಡೆಸಿದ ಮೇಲೆ ಮಾರ್ಚಿಗೇ ಹನಿ ಹನಿಯಾಗುತ್ತದೆ. ಪಂಪು ಹಾಕದಿದ್ದರೂ ಇಂಥದ್ದು ಆಗಬಹುದು ಎಂದು ಬಹಳ ಜನರಿಗೆ ಗೊತ್ತಿಲ್ಲ. ಕೊಳವೆಯ ಮೇಲುಭಾಗಕ್ಕೆ ಕೇಸಿಂಗ್ ಪೈಪು ಇಳಿಸುತ್ತಾರೆ. ಪೈಪಿನ ಸುತ್ತ, ಬುಡದಲ್ಲಿ ಸರಿಯಾಗಿ ಮುಚ್ಚದಿದ್ದರೆ ಮೇಲಿನ ಪದರದ ನೀರು ಆ ಸಂದಿಯಿಂದ ಇಳಿದು ಆಳದ ಬಂಡೆಯ ಬಿರುಕಿಗೆ ಸೇರುತ್ತದೆ. ಒರತೆಗೆ ಬರಬೇಕಾದ ನೀರು ಬುಡ ತೂತಾದ ಪಾತ್ರೆಯಿಂದ ಸೋರಿದಂತೆ ಹೋಗುತ್ತದೆ. ನನಗೆ ಕೇಳಿದರೆ, ಇಲ್ಲಿ 500 ಮೀಟರಿನ ಅಳತೆಗಿಂತ ಆ ಸಂದಿ ಮುಚ್ಚಿದ್ದಾರೋ ಇಲ್ಲವೋ ಎಂದು ನಿಂತು ನೋಡುವ ಒಬ್ಬ ಮನುಷ್ಯ ಮುಖ್ಯ.

ನೀರಿಗೆ ಊರೇ ಕಟ್ಟಳೆ ಹಾಕುವುದು ಇಲ್ಲಿ ಹೊಸದಲ್ಲ. ಹಳ್ಳಕ್ಕೆ ಒಟ್ಟಾಗಿ ಕಟ್ಟ ಹಾಕಿ ಪಾಳಿಯ ಮೇಲೆ ತೋಟಕ್ಕೆ ನೀರು ಬಿಡುತ್ತಿದ್ದರು. ಆ ಕಟ್ಟಳೆ ಎಲ್ಲರಿಗೂ ಸಮವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ತೋಟ ಇಲ್ಲದವರಿಗೆ ಪಾಳಿ ಇರಲಿಲ್ಲ. ಯಾರು ಯಾವ ಬಾವಿ ಮುಟ್ಟಬೇಕು ಎಂಬ ಜಾತಿಯ ಗೆರೆಯೂ ಇತ್ತು. ಅದೇ ಹಳೆಯದನ್ನು ಮತ್ತೆ ತರೋಣ ಅನ್ನುವವನು ನಾನಲ್ಲ.

ಪಂಚಾಯ್ತಿಯಿಂದ ಏನಾಗುತ್ತದೆ ಎನ್ನುವವರಿಗೆ ಕೇರಳದ ಪ್ಲಾಚಿಮಡ ನೆನಪಿಸುತ್ತೇನೆ. ತಂಪು ಪಾನೀಯದ ಕಾರ್ಖಾನೆಯೊಂದರ ಪರವಾನಗಿ ನವೀಕರಿಸಲು ಅಲ್ಲಿನ ಪೆರುಮಾಟ್ಟಿ ಪಂಚಾಯ್ತಿ 2003ರಲ್ಲಿ ನಿರಾಕರಿಸಿತು. ಅಂತರ್ಜಲ ಜನರ ಸ್ವತ್ತು ಎಂದು ಹೈಕೋರ್ಟಿನ ಏಕಸದಸ್ಯ ಪೀಠ ಅದೇ ವರ್ಷ ಹೇಳಿತು. 2005ರಲ್ಲಿ ವಿಭಾಗೀಯ ಪೀಠ, ಮಿತಿಯಲ್ಲಿ ತೆಗೆಯುವುದು ಮಾಲೀಕನ ಹಕ್ಕು ಎಂದು ಅದನ್ನು ತಿರುಗಿಸಿತು. ಹಕ್ಕಿನ ಜಗಳ ಕೋರ್ಟಿನಲ್ಲಿ ಅತ್ತ ಇತ್ತ ಆಗಬಹುದು. ಆದರೆ "ಮಿತಿ" ಎಂದರೆ ಎಷ್ಟು ಎಂದು ಹೇಳಲು ಯಾರಾದರೂ ಬಾವಿಗೆ ಹಗ್ಗ ಇಳಿಸಿ ಅಳೆದಿರಬೇಕು, ಅಲ್ವಾ?

ಅದಕ್ಕೇ ಹೋದ ಡಿಸೆಂಬರಿನಲ್ಲಿ ಒಂದು ನೈಲಾನ್ ಹಗ್ಗಕ್ಕೆ ಅರ್ಧರ್ಧ ಅಡಿಗೆ ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿದೆ. ನೀರಿನ ಉಪ್ಪು ನೋಡಲು ಪೆನ್ನಿನಂಥ ಸಣ್ಣ ಟಿಡಿಎಸ್ ಮೀಟರ್ ತಂದೆ. ಸೋಮವಾರ ಬೆಳಿಗ್ಗೆ, ಯಾರೂ ನೀರು ಎತ್ತುವ ಮುಂಚೆ, ಆಯಿ ಗಂಟು ಎಣಿಸುತ್ತಾಳೆ. ನಾನು ಎರಡೂ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತೇನೆ. ಟ್ಯಾಂಕರ್ ತುಂಬಿಸುತ್ತಿದ್ದ ಪಕ್ಕದ ಮನೆಯ ಅಣ್ಣನೂ ಫೆಬ್ರವರಿಯಿಂದ ಬರೆಯುತ್ತಿದ್ದಾರೆ. ಅವರ ಪಂಪು ಈಗ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಒಟ್ಟು ಮೂರು ಮನೆಯ ಕ್ಯಾಲೆಂಡರ್ ಆಗಿದೆ. ಮುಂದಿನ ಗ್ರಾಮಸಭೆಗೆ ಮೂರನ್ನೂ ಸುರುಳಿ ಸುತ್ತಿ ತೆಗೆದುಕೊಂಡು ಹೋಗುತ್ತಿದ್ದೇವೆ. ಮರಳುಪಟ್ಟಿಯಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಟ್ಯಾಂಕರಿಗೆ ನೀರು ಮಾರುವುದು ಬೇಡ, ಪಂಪಿಗೆ ಹೊತ್ತು ಗೊತ್ತುಮಾಡಿ ಎಂದು ಕೇಳುವುದಿದೆ.